ಕೆಲವು ಹುಡುಗರಿಗೆ ಜೈಲು ಏಕೆ ಹತ್ತಿರವಾಗುತ್ತದೆ?

ಸಾಮಾಜೀಕರಣದ ಪಾಠದಲ್ಲಿ ಕುಟುಂಬ, ಗೆಳೆಯರ ಗುಂಪು, ಶಾಲೆ ಎಂದು ಓದುತ್ತೇವೆ. ಆ ಪಟ್ಟಿಯಲ್ಲಿ ಜೈಲು ಇರುವುದಿಲ್ಲ. ಆದರೆ ಜೈಲೂ ಮನುಷ್ಯನಿಗೆ ಕಲಿಸುತ್ತದೆ, ಅದೂ ಬಹಳ ಬೇಗ. ಅಮೆರಿಕದ ಡೊನಾಲ್ಡ್ ಕ್ಲೆಮ್ಮರ್ 1940ರಲ್ಲಿ ತಮ್ಮ ‘ದಿ ಪ್ರಿಸನ್ ಕಮ್ಯುನಿಟಿ’ ಗ್ರಂಥದಲ್ಲಿ ಇದನ್ನು ‘ಪ್ರಿಸನೈಜೇಷನ್’ ಎಂದು ಕರೆದರು. ಒಳಗಿನ ಊಟ, ಮಾತಿನ ರೀತಿ, ಮೇಲು-ಕೀಳು, ಎಲ್ಲೂ ಬರೆದಿರದ ಕಟ್ಟಳೆ ಎಲ್ಲವೂ ಕೈದಿಗೆ ನಿಧಾನವಾಗಿ ತನ್ನದೇ ಅನ್ನಿಸಿಬಿಡುವುದೇ ಇದು.

ನಮ್ಮ ಕಡೆ ಜೈಲಿಗೆ ತಮಾಷೆಗೆ ‘ಮಾವನ ಮನೆ’ ಎನ್ನುತ್ತಾರೆ. ನನಗೆ ಆ ತಮಾಷೆ ಹಿಡಿಸುವುದಿಲ್ಲ. ಯಾರೂ ಅಲ್ಲಿನ ಸುಖಕ್ಕೆ ಅಂಟಿಕೊಳ್ಳುವುದಿಲ್ಲ. ಹೊರಗೆ ಸಿಗದ ಏನೋ ಒಂದು ಅಲ್ಲಿ ಸಿಕ್ಕಿರುತ್ತದೆ.

18 ತುಂಬದವರನ್ನು ಕಾನೂನು ಜೈಲಿಗೆ ಕಳಿಸುವುದಿಲ್ಲ, ಅವರಿಗೆ ವೀಕ್ಷಣಾಲಯವಿದೆ. 18 ತುಂಬಿದ ಮರುದಿನ ತಪ್ಪು ಮಾಡಿದವನು ದೊಡ್ಡವರ ಜೊತೆ ಬ್ಯಾರಕ್ಕಿನಲ್ಲಿರಬೇಕಾಗಬಹುದು. ದೇಶದ ಕೈದಿಗಳಲ್ಲಿ ಐವರಲ್ಲಿ ಇಬ್ಬರಿಗೂ ಹೆಚ್ಚು ಮಂದಿ 18ರಿಂದ 30ರೊಳಗಿನವರು. ‘ನಾನು ಯಾರು’ ಎಂದು ಇನ್ನೂ ಹುಡುಕುತ್ತಿರುವ ವಯಸ್ಸು ಅದು. ಊರಲ್ಲಿ ಯಾರ ಲೆಕ್ಕಕ್ಕೂ ಇಲ್ಲದ ಹುಡುಗನನ್ನು ಒಳಗೆ ಒಬ್ಬ ಹಿರಿಯ ಕೈದಿ ‘ಇವನು ನಮ್ಮವನು’ ಎಂದರೆ ಸಾಕು. ಸೋಪು, ಬೀಡಿ, ವಕೀಲರ ಸಲಹೆ, ಹೊಡೆತದಿಂದ ರಕ್ಷಣೆ ಎಲ್ಲವೂ ಅವನಿಂದಲೇ. ಆ ಋಣ ತೀರಿಸುವುದು ಮುಂದಿನ ಕೇಸಿನಲ್ಲಿ. ಮೇಲಾಗಿ, ಹೊತ್ತಿಗೆ ಸರಿಯಾಗಿ ಊಟ, ಎಣಿಕೆ, ಬೀಗ. ಅವನು ಸ್ವತಃ ತೀರ್ಮಾನಿಸಬೇಕಾದ್ದು ಏನೂ ಇಲ್ಲ. ಉಣ್ಣುವುದು, ದುಡಿಯುವುದು, ಮಲಗುವುದು ಒಂದೇ ಕಡೆ, ಒಂದೇ ಅಧಿಕಾರದ ಕೆಳಗೆ ನಡೆಯುವ ಇಂಥ ಜಾಗಗಳನ್ನು ಅರ್ವಿಂಗ್ ಗಾಫ್‌ಮನ್ 1961ರ ‘ಅಸೈಲಮ್ಸ್’ ಕೃತಿಯಲ್ಲಿ ‘ಟೋಟಲ್ ಇನ್‌ಸ್ಟಿಟ್ಯೂಷನ್’ ಎಂದರು.

ಈಗ ಬಿಡುಗಡೆಯ ದಿನ ನೆನೆಸಿಕೊಳ್ಳಿ. ರುದ್ರಪಟ್ಟಣದಂಥ ಊರಿಗೆ ಒಬ್ಬ ಹುಡುಗ ಹಾಸನದ ಜೈಲಿನಿಂದ ವಾಪಸ್ ಬಂದ ಎಂದುಕೊಳ್ಳೋಣ. ಬಸ್ಸಿಳಿಯುವ ಮೊದಲೇ ಸುದ್ದಿ ಬಂದಿರುತ್ತದೆ. ತಂಬಾಕು ಬ್ಯಾರನ್ ಕೆಲಸಕ್ಕೆ ಕರೆಯುವವರಿಲ್ಲ, ಗೆಳೆಯರ ಮನೆಯವರು ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಾರೆ, ತಂಗಿಯ ಮದುವೆ ಮಾತು ನಿಲ್ಲುತ್ತದೆ. ಅವನ ಹೆಸರು ಹಿಡಿದು ಕರೆಯುವ ಜನ ಇರುವುದು ಬ್ಯಾರಕ್ಕಿನಲ್ಲಿ ಮಾತ್ರ.

ಆದರೂ ಎಲ್ಲರೂ ಹೀಗಾಗುವುದಿಲ್ಲ. ಸ್ಟಾಂಟನ್ ವೀಲರ್ 1961ರ ಅಧ್ಯಯನದಲ್ಲಿ ಕಂಡದ್ದು: ಶಿಕ್ಷೆಯ ನಡುಗಾಲದಲ್ಲಿ ಜೈಲಿನ ಬಣ್ಣ ಗಾಢವಾಗಿರುತ್ತದೆ, ಬಿಡುಗಡೆ ಹತ್ತಿರವಾದಂತೆ ಮನಸ್ಸು ಮತ್ತೆ ಹೊರಗಿನ ಕಡೆ ತಿರುಗುತ್ತದೆ. ಹಾಗಾದರೆ ಬಿಡುಗಡೆಯ ತಾರೀಖೇ ಗೊತ್ತಿಲ್ಲದವನ ಗತಿ? ನಮ್ಮ ದೇಶದಲ್ಲಿ ಅಂಥವರೇ ಹೆಚ್ಚು. 2022ರ ಕೊನೆಗೆ ಇದ್ದ 5,73,220 ಕೈದಿಗಳಲ್ಲಿ 4,34,302 ಮಂದಿ ವಿಚಾರಣಾಧೀನರು. ಜಾಮೀನು ಸಿಕ್ಕರೂ ಶ್ಯೂರಿಟಿ ನಿಲ್ಲುವವರಿಲ್ಲದೆ ಒಳಗೇ ಉಳಿದವರೂ ಇದರಲ್ಲಿದ್ದಾರೆ.

ಪವಿತ್ರ ಕುರ್‌ಆನಿನ ಸೂರಃ ಯೂಸುಫ್ ಓದಿದವರಿಗೆ ಇದು ಹೊಸದಲ್ಲ. ಪಾಪಕ್ಕಿಂತ ಸೆರೆಮನೆಯೇ ಲೇಸೆಂದವರು ಪ್ರವಾದಿ ಯೂಸುಫ್ (ಅ). ಆದರೆ ಅವರು ಸೆರೆಮನೆಯನ್ನೇ ಮನೆ ಮಾಡಿಕೊಳ್ಳಲಿಲ್ಲ. ಜೊತೆಯಲ್ಲಿದ್ದ ಇಬ್ಬರು ಯುವಕರಲ್ಲಿ ಬಿಡುಗಡೆಯಾಗುವವನಿಗೆ, ನಿನ್ನ ಒಡೆಯನ ಬಳಿ ನನ್ನ ವಿಷಯ ಹೇಳು ಎಂದರು. ಅವನು ಹೊರಗೆ ಹೋಗಿ ಮರೆತ. ಯೂಸುಫ್ (ಅ) ಇನ್ನೂ ಕೆಲವು ವರ್ಷ ಒಳಗಿದ್ದರು. ಕೊನೆಗೆ ಅರಸನ ಕರೆ ಬಂದಾಗಲೂ ತಮ್ಮ ಮೇಲಿನ ಆರೋಪದ ಸತ್ಯ ಹೊರಬರಲಿ ಎಂದು ಕೇಳಿದರು.

ಹೊರಗಿನ ನಂಟನ್ನು ಉಳಿಸುವ ಕೆಲಸ ನಮ್ಮ ಹತ್ತಿರದಲ್ಲೂ ನಡೆದಿದೆ. ಮೈಸೂರು ಕೇಂದ್ರ ಕಾರಾಗೃಹದ ಕೈದಿಗಳಿಗೆ ರಂಗಕರ್ಮಿ ಹುಲುಗಪ್ಪ ಕಟ್ಟೀಮನಿ ನಾಟಕ ಕಲಿಸಿ, ಹೊರಗಿನ ವೇದಿಕೆಗಳಲ್ಲೂ ಆಡಿಸಿದರು. ಅಲ್ಲಿ ಚಪ್ಪಾಳೆ ತಟ್ಟುವವರು ಬ್ಯಾರಕ್ಕಿನವರಲ್ಲ, ಹೊರಗಿನ ಜನ. ಒಂದು ಉಪದೇಶ ಭಾಷಣಕ್ಕಿಂತ ಇದರ ಬೆಲೆ ಹೆಚ್ಚು ಎಂದು ನನ್ನ ಅಭಿಪ್ರಾಯ.

ಕಾನೂನೂ ಒಂದು ದಾರಿ ತೆರೆದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಹಿಂದೆಂದೂ ಯಾವ ಅಪರಾಧದಲ್ಲೂ ದೋಷಿ ಎಂದು ತೀರ್ಪಾಗಿರದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಾಂಡಿನ ಮೇಲೆ ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ, ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇರುವವರಿಗೆ ಇದು ಅನ್ವಯಿಸದು. ಬಂಧನದಲ್ಲಿರುವವರಿಗೆ ವಕೀಲರ ನೆರವು ಉಚಿತ. ನಿಮ್ಮ ಬೀದಿಯಲ್ಲಿ ಅಂಥ ಹುಡುಗನ ತಾಯಿ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಿಷಯ ತಿಳಿಸಿ, ಸಹಾಯವಾಣಿ 15100.