ಜೇನು ಚೌಕಟ್ಟಿನ ಜೋಡಣೆಗೆ ಮೊಳೆ ಗನ್ನು: ಆಯ್ಕೆ ಮತ್ತು ಬಳಕೆ

ಜೇನುಸಾಕಣೆಯು ನಮ್ಮ ರೈತರಿಗೆ ಕಡಿಮೆ ಬಂಡವಾಳದ ಉತ್ತಮ ಉಪಕಸುಬು. ಅರೆಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಅಜ್ಜಂಪುರ ತಾಲ್ಲೂಕಿನ ಬುಕ್ಕಾಂಬುಧಿ ಸುತ್ತಿನ ಊರುಗಳಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ತೆಂಗು ಮತ್ತು ಅಡಿಕೆಯ ಹೊಂಬಾಳೆಗಳಿಂದ ಜೇನುನೊಣಗಳಿಗೆ ಪರಾಗ ದೊರೆಯುತ್ತದೆ. ಸೂರ್ಯಕಾಂತಿ ಬೆಳೆದರೆ ಮಕರಂದವೂ ಸಿಗುತ್ತದೆ. ಇನ್ನು ಈ ಭಾಗದ ಮುಖ್ಯ ಬೆಳೆಯಾದ ಈರುಳ್ಳಿಯನ್ನು ಬೀಜಕ್ಕಾಗಿ ಬೆಳೆಯುವವರಿಗಂತೂ ಜೇನುನೊಣ ಅತ್ಯವಶ್ಯ. ಈರುಳ್ಳಿ ಹೂವಿನಲ್ಲಿ ಪರಾಗ ಉದುರಿದ ಮೇಲೆ ಶಲಾಕಾಗ್ರ ಪಕ್ವವಾಗುವುದರಿಂದ, ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುವ ಕೀಟಗಳಿಲ್ಲದೆ ಬೀಜ ಸರಿಯಾಗಿ ಕಟ್ಟುವುದಿಲ್ಲ.

ಜೇನುಪೆಟ್ಟಿಗೆಯ ಜೀವಾಳವೆಂದರೆ ಅದರೊಳಗಿನ ಚೌಕಟ್ಟು. ಇತ್ತೀಚೆಗೆ ಪೀಠೋಪಕರಣ ಮಾಡುವ ಬಡಗಿಗಳು ಗಾಳಿಯ ಒತ್ತಡದಿಂದ ಮೊಳೆ ಹೊಡೆಯುವ ಗನ್ನುಗಳನ್ನು ಬಳಸುತ್ತಿರುವುದನ್ನು ಕಂಡು, ಚೌಕಟ್ಟು ಜೋಡಿಸಲು ಯಾವ ಗನ್ನು ಕೊಳ್ಳಬೇಕೆಂದು ಜೇನುಸಾಕುವವರು ಕೇಳುತ್ತಾರೆ. ಈ ಪ್ರಶ್ನೆಗೆ ಗನ್ನಿನಿಂದ ಆರಂಭಿಸಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಚೌಕಟ್ಟಿನ ಯಾವ ಸಂದಿಗೆ ಯಾವ ಎಳೆತ ಬೀಳುತ್ತದೆ, ಅದನ್ನು ಯಾವ ಮೊಳೆ ತಡೆಯುತ್ತದೆ ಎಂಬುದನ್ನು ಮೊದಲು ನಿರ್ಧರಿಸಬೇಕು. ಆ ಮೊಳೆಯನ್ನು ಹೊಡೆಯಬಲ್ಲ ಗನ್ನೇ ನಮಗೆ ತಕ್ಕ ಗನ್ನು.

ಚೌಕಟ್ಟಿನ ಸಂದಿಗಳ ಮೇಲೆ ಬೀಳುವ ಎಳೆತ

ಒಂದು ಚೌಕಟ್ಟಿನಲ್ಲಿ ಮೇಲ್ಪಟ್ಟಿ, ಎರಡು ಪಕ್ಕಪಟ್ಟಿ ಮತ್ತು ಕೆಳಪಟ್ಟಿ ಇರುತ್ತವೆ. ನಮ್ಮಲ್ಲಿ ಎರಡು ಬಗೆಯ ಚೌಕಟ್ಟುಗಳು ಬಳಕೆಯಲ್ಲಿವೆ.

ತುಡುವೆ ಜೇನಿಗೆ ನ್ಯೂಟನ್ ಮಾದರಿಯ ಸಣ್ಣ ಚೌಕಟ್ಟು. 1910ರ ದಶಕದಲ್ಲಿ ಪಾದ್ರಿ ನ್ಯೂಟನ್ ಅವರು ದಕ್ಷಿಣ ಭಾರತದ ತುಡುವೆಗೆಂದು ರೂಪಿಸಿದ ಪೆಟ್ಟಿಗೆ ಇದು. ಇದರ ಸಂಸಾರ ಕೋಣೆಯ ಚೌಕಟ್ಟಿನ ಒಳ ಅಳತೆ ಸುಮಾರು 206 ಮಿ.ಮೀ. ಉದ್ದ, 144 ಮಿ.ಮೀ. ಎತ್ತರ. ತುಪ್ಪ ತುಂಬಿದರೂ ಎರಿಯ ತೂಕ ಸುಮಾರು 1 ಕಿಲೋ ಮಾತ್ರ.

ಯುರೋಪಿಯನ್ ಜೇನು, ಅಂದರೆ ಮೆಲ್ಲಿಫೆರಾ ಜೇನಿಗೆ ಲ್ಯಾಂಗ್‌ಸ್ಟ್ರಾತ್ ಮಾದರಿಯ ದೊಡ್ಡ ಚೌಕಟ್ಟು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ನಂಜುರೋಗದಿಂದ ಕರ್ನಾಟಕದ ತುಡುವೆ ಕುಟುಂಬಗಳು ಅಪಾರವಾಗಿ ನಾಶವಾದ ಮೇಲೆ ಈ ಜೇನಿನ ಸಾಕಣೆಯೂ ನಮ್ಮಲ್ಲಿ ಹರಡಿತು. ಈ ಚೌಕಟ್ಟಿನಲ್ಲಿ ತುಂಬಿದ ಎರಿ ಸುಮಾರು 3 ಕಿಲೋ ತೂಗುತ್ತದೆ.

ತೂಕಕ್ಕಿಂತಲೂ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಮೆಲ್ಲಿಫೆರಾ ನೊಣಗಳು ಮರದ ಅಂಟನ್ನು ತಂದು ಚೌಕಟ್ಟುಗಳನ್ನು ಒಂದಕ್ಕೊಂದು ಮತ್ತು ಪೆಟ್ಟಿಗೆಗೆ ಅಂಟಿಸಿಬಿಡುತ್ತವೆ. ತುಡುವೆಗೆ ಈ ಅಭ್ಯಾಸವಿಲ್ಲ. ಅಂಟಿಕೊಂಡ ಚೌಕಟ್ಟನ್ನು ಮೇಲ್ಪಟ್ಟಿಯ ಕಿವಿ ಹಿಡಿದು ಮೀಟಿ ಎತ್ತುವಾಗ ಪಕ್ಕಪಟ್ಟಿ ಅಲ್ಲೇ ಹಿಡಿದುಕೊಂಡಿರುತ್ತದೆ, ಮೇಲ್ಪಟ್ಟಿ ಮಾತ್ರ ಮೇಲಕ್ಕೆ ಬರಲು ನೋಡುತ್ತದೆ. ಜೋಡಣೆ ಕೆಟ್ಟಿದ್ದರೆ ಅದು ಕಳಚುವುದು ಇಲ್ಲಿಯೇ. ಎರಿ ಮುರಿದು ಬಿದ್ದರೆ ಮರಿಗಳು ಸಾಯುತ್ತವೆ, ತುಪ್ಪ ಸೋರಿ ಬೇರೆ ಪೆಟ್ಟಿಗೆಯ ನೊಣಗಳು ಮತ್ತು ಇರುವೆಗಳು ನುಗ್ಗುತ್ತವೆ. ಆ ಎರಿಯಲ್ಲಿ ರಾಣಿ ಇದ್ದರೆ ಇಡೀ ಕುಟುಂಬಕ್ಕೇ ಅಪಾಯ. ತುಡುವೆಯಾದರೆ ಇಂತಹ ಗೊಂದಲದ ನಂತರ ಪೆಟ್ಟಿಗೆ ಬಿಟ್ಟು ಹಾರಿಹೋಗುವುದೂ ಉಂಟು. ತುಪ್ಪ ತೆಗೆಯುವ ಯಂತ್ರದಲ್ಲಿ ತಿರುಗಿಸುವಾಗ ಮತ್ತು ಪೆಟ್ಟಿಗೆಗಳನ್ನು ವಾಹನದಲ್ಲಿ ಸಾಗಿಸುವಾಗಲೂ ಸಂದಿಗಳು ಸಡಿಲವಾಗುತ್ತವೆ.

ಮೊದಲು ಮೊಳೆ, ಆಮೇಲೆ ಗನ್ನು

ಗೋಡೆಗೆ ಹೊಡೆದ ಗೂಟಕ್ಕೆ ನೊಗವನ್ನು ತೂಗುಹಾಕಿದರೆ ಅದು ಹೊರುತ್ತದೆ. ಅದೇ ಗೂಟವನ್ನು ನೇರವಾಗಿ ನಮ್ಮ ಕಡೆಗೆ ಎಳೆದರೆ ಕಿತ್ತುಬರುತ್ತದೆ. ಮೊಳೆಯ ಗುಣವೂ ಹೀಗೆಯೇ. ಮೇಲ್ಪಟ್ಟಿಯ ಮೇಲಿನಿಂದ ಪಕ್ಕಪಟ್ಟಿಯ ತುದಿಗೆ ಹೊಡೆದ ಮೊಳೆ, ಚೌಕಟ್ಟನ್ನು ಎತ್ತುವಾಗ ತನ್ನ ಉದ್ದದ ದಿಕ್ಕಿನಲ್ಲಿಯೇ ಎಳೆಯಲ್ಪಡುತ್ತದೆ. ಅಲ್ಲದೆ ಅದು ಮರದ ನಾರಿನ ಉದ್ದಕ್ಕೆ ಇಳಿದಿರುವುದರಿಂದ ಹಿಡಿತವೂ ಕಡಿಮೆ. ಆದ್ದರಿಂದ ದೊಡ್ಡ ಚೌಕಟ್ಟಿನಲ್ಲಿ ಪಕ್ಕಪಟ್ಟಿಯ ಹೊರಮುಖದಿಂದ, ಮೇಲ್ಪಟ್ಟಿಯ ಕಿವಿಯ ಕೆಳಗೆ, ಪ್ರತಿ ಬದಿಗೂ ಒಂದು ಅಡ್ಡಮೊಳೆಯನ್ನು ಹೊಡೆಯಲೇಬೇಕು. ಈ ಮೊಳೆಯು ಗೂಟದಂತೆ ಅಡ್ಡಲಾಗಿ ಭಾರ ಹೊರುತ್ತದೆ. ಮೇಲ್ಪಟ್ಟಿ ತೆಳುವಾಗಿರುವ ಸಣ್ಣ ಚೌಕಟ್ಟಿನಲ್ಲಿ ಅಡ್ಡಮೊಳೆಗೆ ಸಾಕಷ್ಟು ಮರ ಇರುವುದಿಲ್ಲ. ಅಲ್ಲಿ ಒಳ್ಳೆಯ ಅಂಟು ಮತ್ತು ತಲೆಯುಳ್ಳ ಮೊಳೆಯನ್ನೇ ನೆಚ್ಚಬೇಕು.

ಮೊಳೆಯ ಉದ್ದವು ಅದು ಬಂಧಿಸುವ ಪಟ್ಟಿಯ ದಪ್ಪದ ಸುಮಾರು ಮೂರರಷ್ಟಿರಬೇಕು. ಒಂದು ಪಾಲು ಮೇಲಿನ ಪಟ್ಟಿಯಲ್ಲಿ, ಎರಡು ಪಾಲು ಕೆಳಗಿನ ಪಟ್ಟಿಯಲ್ಲಿ. ಸಣ್ಣ ಚೌಕಟ್ಟಿಗೆ 25 ಮಿ.ಮೀ., ದೊಡ್ಡ ಚೌಕಟ್ಟಿಗೆ 30 ಮಿ.ಮೀ.ಗಿಂತ ಕಡಿಮೆಯಿಲ್ಲದ ಮೊಳೆ ಸಾಮಾನ್ಯವಾಗಿ ಸಾಕಾಗುತ್ತದೆ. ದಪ್ಪ ಮೊಳೆ ತೆಳು ಪಟ್ಟಿಯನ್ನು ಸೀಳುತ್ತದೆ. ಸತು ಲೇಪಿತ ಮೊಳೆಯನ್ನೇ ಆರಿಸಿರಿ. ಜೇನುತುಪ್ಪವು ಆಮ್ಲಗುಣವುಳ್ಳದ್ದಾದ್ದರಿಂದ ಸಾದಾ ಕಬ್ಬಿಣದ ಮೊಳೆ ಬೇಗ ತುಕ್ಕು ಹಿಡಿಯುತ್ತದೆ.

ಪೇಟೆಯಲ್ಲಿ ದೊರೆಯುವ ಗನ್ನುಗಳು

1. ಸೂಜಿಮೊಳೆ ಗನ್ನು, 23 ಗೇಜ್: ಮೊಳೆಗೆ ತಲೆಯೇ ಇಲ್ಲ, ದಪ್ಪ ಸುಮಾರು 0.6 ಮಿ.ಮೀ. ಅಲಂಕಾರದ ಪಟ್ಟಿಗಳಿಗೆ ಸರಿ, ಚೌಕಟ್ಟಿಗೆ ಪ್ರಯೋಜನವಿಲ್ಲ.

2. ಬ್ರಾಡ್ ಮೊಳೆ ಗನ್ನು, 18 ಗೇಜ್: ಅಂಗಡಿಗಳಲ್ಲಿ ಎಫ್-30 ಎಂದು ಕೇಳಿದರೆ ಸಿಗುತ್ತದೆ. 10ರಿಂದ 30 ಮಿ.ಮೀ.ವರೆಗಿನ ಮೊಳೆಗಳನ್ನು ಹೊಡೆಯುತ್ತದೆ. ಪಟ್ಟಿ ಸೀಳುವುದು ಕಡಿಮೆ. ಆದರೆ ಮೊಳೆಯ ತಲೆ ಬಹಳ ಕಿರಿದು, ಎಳೆದರೆ ಪಟ್ಟಿಯೊಳಗಿಂದಲೇ ನುಸುಳಿ ಬರುತ್ತದೆ. ಅಂಟಿನ ಜೊತೆಗೆ ಮಾತ್ರ ಬಳಸಬೇಕು. ಕೆಳಪಟ್ಟಿಗೆ ಮತ್ತು ಅಡ್ಡಮೊಳೆಗೆ ಒಳ್ಳೆಯದು.

3. ಕಿರುಬೆನ್ನಿನ ಸ್ಟೇಪಲ್ ಗನ್ನು, 18 ಗೇಜ್: ಎರಡು ಕಾಲಿನ ಮೊಳೆ, ಬೆನ್ನಿನ ಅಗಲ ಸುಮಾರು 6 ಮಿ.ಮೀ., ಕಾಲಿನ ಉದ್ದ ಸುಮಾರು 40 ಮಿ.ಮೀ.ವರೆಗೆ. ಎರಡು ಕಾಲುಗಳು ಮರವನ್ನು ಹಿಡಿದರೆ ಬೆನ್ನು ದೊಡ್ಡ ತಲೆಯಂತೆ ಪಟ್ಟಿಯನ್ನು ಅದುಮುತ್ತದೆ. ಚೌಕಟ್ಟಿನ ಕೆಲಸಕ್ಕೆ ಒಂದೇ ಗನ್ನು ಕೊಳ್ಳುವುದಾದರೆ ಇದನ್ನೇ ಕೊಳ್ಳಬೇಕು.

4. ಸೋಫಾ ಹೊದಿಕೆಯ ಸ್ಟೇಪಲ್ ಗನ್ನು: ಕಂಬಿ ತೆಳು, ಕಾಲು ಗಿಡ್ಡ. ಹೆಸರು ಒಂದೇ ಆದ್ದರಿಂದ ಹಲವರು ಇದನ್ನು ಕೊಂಡು ಹಣ ಕಳೆದುಕೊಳ್ಳುವ ಸಂಭವವಿದೆ. ಕೈಯಿಂದ ಒತ್ತುವ ಸ್ಟೇಪ್ಲರ್ ಕೂಡ ಇದೇ ಗುಂಪಿನದು.

5. 16 ಗೇಜ್ ಮತ್ತು ಅದಕ್ಕಿಂತ ದಪ್ಪ ಮೊಳೆಯ ಗನ್ನುಗಳು: ಪೆಟ್ಟಿಗೆಯ ಹಲಗೆಗಳಿಗೆ ಸರಿ, ಚೌಕಟ್ಟಿನ ಪಟ್ಟಿಗಳನ್ನು ಸೀಳುತ್ತವೆ.

ಗಾಳಿಯೋ, ವಿದ್ಯುತ್ತೋ?

ಗಾಳಿಯ ಗನ್ನಿಗೆ ಕಂಪ್ರೆಸರ್ ಬೇಕು. ಇಂತಹ ಸಣ್ಣ ಗನ್ನು ಒಂದು ಹೊಡೆತಕ್ಕೆ ಬಳಸುವ ಗಾಳಿ ಸ್ವಲ್ಪವೇ. ಮನೆಯ ಸಿಂಗಲ್ ಫೇಸ್ ವಿದ್ಯುತ್ತಿನಲ್ಲಿ ಓಡುವ 1 ಅಶ್ವಶಕ್ತಿಯ, 24 ಲೀಟರ್ ತೊಟ್ಟಿಯ ಕಂಪ್ರೆಸರ್ ಸಾಕು. ಒತ್ತಡ ಪ್ರತಿ ಚದರ ಸೆಂ.ಮೀ.ಗೆ 4ರಿಂದ 7 ಕಿಲೋ ಇರಬೇಕು. ಕಡಿಮೆ ಒತ್ತಡದಿಂದ ಆರಂಭಿಸಿ, ಮೊಳೆಯ ಬೆನ್ನು ಪಟ್ಟಿಯ ಮಟ್ಟಕ್ಕೆ ಸಮನಾಗಿ ಕೂರುವವರೆಗೆ ಏರಿಸಿರಿ. ಬೆನ್ನು ಮರದೊಳಗೆ ಹೂತರೆ ಹಿಡಿತ ಕಡಿಮೆಯಾಗುತ್ತದೆ.

ನೇರವಾಗಿ ವಿದ್ಯುತ್ತಿಗೆ ಜೋಡಿಸುವ ಅಗ್ಗದ ಗನ್ನುಗಳು ಗಟ್ಟಿ ಮರದಲ್ಲಿ 30 ಮಿ.ಮೀ. ಮೊಳೆಯನ್ನು ಪೂರ್ತಿ ಇಳಿಸಲಾರವು. ಬ್ಯಾಟರಿಯ ಒಳ್ಳೆಯ ಗನ್ನುಗಳು ಈ ಕೆಲಸ ಮಾಡುತ್ತವೆ, ಆದರೆ ಬೆಲೆ ಹೆಚ್ಚು, ತೂಕವೂ ಹೆಚ್ಚು.

ಜೋಡಿಸುವ ಕ್ರಮ

ಚೆನ್ನಾಗಿ ಒಣಗಿದ ಮರವನ್ನೇ ಬಳಸಿರಿ. ಹಸಿ ಮರ ಒಣಗಿ ಕುಗ್ಗಿದಾಗ ಯಾವ ಗನ್ನಿನ ಮೊಳೆಯೂ ಸಡಿಲವಾಗುತ್ತದೆ. ಸಂದಿಗಳಿಗೆ ನೀರು ತಡೆಯುವ ಬಿಳಿ ಮರದಂಟನ್ನು ತೆಳುವಾಗಿ ಬಳಿದು ಪಟ್ಟಿಗಳನ್ನು ಕೂಡಿಸಿರಿ. ಹಲವು ಚೌಕಟ್ಟುಗಳನ್ನು ಒಟ್ಟಿಗೆ ಹಿಡಿದಿಡುವ ಮರದ ಅಚ್ಚನ್ನು ಬಡಗಿಯಿಂದ ಮಾಡಿಸಿಕೊಂಡರೆ ಮೂಲೆಗಳು ನೇರವಾಗಿರುತ್ತವೆ, ಬೆರಳುಗಳೂ ಗನ್ನಿನಿಂದ ದೂರವಿರುತ್ತವೆ.

ಮೇಲ್ಪಟ್ಟಿಗೆ ಸ್ಟೇಪಲ್ ಹೊಡೆಯುವಾಗ ಅದರ ಬೆನ್ನು ಮೇಲ್ಪಟ್ಟಿಗೆ ಅಡ್ಡಲಾಗಿರಲಿ. ಆಗ ಎರಡು ಕಾಲುಗಳೂ ತೆಳುವಾದ ಪಕ್ಕಪಟ್ಟಿಯ ನಡುವೆ ಇಳಿಯುತ್ತವೆ. ಉದ್ದಕ್ಕೆ ಹೊಡೆದರೆ ಒಂದು ಕಾಲು ಹೊರಬೀಳುತ್ತದೆ. ನಂತರ ಕೆಳಪಟ್ಟಿ, ಕೊನೆಗೆ ಅಡ್ಡಮೊಳೆ. ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಿರಿ, ಅವು ಸಮನಾಗಿರಬೇಕು. ಚೌಕಟ್ಟು ಸೊಟ್ಟಗಿದ್ದರೆ ನೊಣಗಳು ಓಡಾಡುವ ಸಂದು ಹೆಚ್ಚು ಕಡಿಮೆಯಾಗಿ, ಅಲ್ಲಿ ಅಡ್ಡ ಎರಿ ಕಟ್ಟುತ್ತವೆ.

ಕೊಳ್ಳುವ ಮೊದಲು ಪರೀಕ್ಷೆ

ಅಜ್ಜಂಪುರ ಅಥವಾ ತರೀಕೆರೆಯ ಬಡಗಿಯಲ್ಲಿ ಗನ್ನು ಇದ್ದರೆ ನಿಮ್ಮದೇ ಪಟ್ಟಿಗಳನ್ನು ಒಯ್ದು ಮೂರು ಚೌಕಟ್ಟು ಮಾಡಿಸಿರಿ. ಒಂದಕ್ಕೆ ಸುತ್ತಿಗೆಯ ಮೊಳೆ, ಒಂದಕ್ಕೆ ಬ್ರಾಡ್, ಒಂದಕ್ಕೆ ಸ್ಟೇಪಲ್. ಮೂರಕ್ಕೂ ಅಂಟು ಬಳಿದು ಒಂದು ದಿನ ಒಣಗಿಸಿರಿ. ಕಿವಿಗಳ ಮೇಲೆ ಚೌಕಟ್ಟನ್ನು ತೂಗುಹಾಕಿ, ಕೆಳಪಟ್ಟಿಯ ಎರಡೂ ಮೂಲೆಗಳಿಗೆ ಹಗ್ಗ ಕಟ್ಟಿ ಮರಳಿನ ಚೀಲವನ್ನು ಇಳಿಬಿಡಿರಿ. ಸಣ್ಣ ಚೌಕಟ್ಟಿಗೆ 3 ಕಿಲೋ, ದೊಡ್ಡದಕ್ಕೆ 8 ಕಿಲೋ ಇರಲಿ. ಮರುದಿನ ಸಂದಿಗಳನ್ನು ನೋಡಿ, ಕೈಯಿಂದ ತಿರುಚಿ ನೋಡಿರಿ. ಕೂದಲೆಳೆಯಷ್ಟು ಬಿರುಕು ಕಂಡರೂ ಆ ಜೋಡಣೆ ಬೇಡ.

ಯಾರಿಗೆ ಗನ್ನು ಬೇಕು?

ಎಂಟು ಚೌಕಟ್ಟಿನ ನ್ಯೂಟನ್ ಪೆಟ್ಟಿಗೆಗೆ ಸಂಸಾರ ಕೋಣೆಯಲ್ಲಿ 8, ಜೇನು ಕೋಣೆಯಲ್ಲಿ 8, ಒಟ್ಟು 16 ಚೌಕಟ್ಟು. ಪ್ರತಿಯೊಂದಕ್ಕೆ 8 ಮೊಳೆಯಂತೆ 128 ಮೊಳೆ. ಹತ್ತು ಚೌಕಟ್ಟಿನ ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಗೆ 20 ಚೌಕಟ್ಟು, ತಲಾ 10 ಮೊಳೆಯಂತೆ 200 ಮೊಳೆ. ನಾಲ್ಕೈದು ಪೆಟ್ಟಿಗೆ ಇಟ್ಟ ರೈತರಿಗೆ ಸುತ್ತಿಗೆ, ಅಂಟು ಮತ್ತು ಮರದ ಅಚ್ಚು ಧಾರಾಳವಾಗಿ ಸಾಕು. ಗನ್ನಿನ ಹಣದಲ್ಲಿ ಇನ್ನೊಂದು ಕುಟುಂಬ ಕೊಳ್ಳುವುದು ಜಾಣತನ. ಹತ್ತಾರು ಪೆಟ್ಟಿಗೆ ಇರುವವರು ವರ್ಷಕ್ಕೊಮ್ಮೆ ಬಡಗಿಯ ಗನ್ನನ್ನು ಬಾಡಿಗೆಗೆ ತರಬಹುದು. ಮಾರಾಟಕ್ಕೆ ಚೌಕಟ್ಟು ಮಾಡುವವರು, ರೈತರ ಗುಂಪುಗಳು ಮತ್ತು ಸ್ವಸಹಾಯ ಸಂಘಗಳು ಸ್ವಂತ ಗನ್ನು ಇಟ್ಟುಕೊಳ್ಳುವುದು ಲಾಭದಾಯಕ.

ಎಚ್ಚರಿಕೆಗಳು

* ಕಣ್ಣಿಗೆ ರಕ್ಷಣಾ ಕನ್ನಡಕ ಧರಿಸಿರಿ.
* ಪಟ್ಟಿಯನ್ನು ಹಿಡಿಯುವ ಕೈ ಗನ್ನಿನ ಮೂತಿಯಿಂದ ಒಂದು ಗೇಣು ದೂರವಿರಲಿ. ಮರದ ಗಂಟಿಗೆ ತಾಗಿದ ಮೊಳೆ ಪಕ್ಕಕ್ಕೆ ತಿರುಗಿ ಹೊರಬರುತ್ತದೆ.
* ಮೊಳೆ ಸಿಕ್ಕಿಕೊಂಡರೆ ಮೊದಲು ಗಾಳಿಯ ಪೈಪನ್ನು ಬಿಚ್ಚಿ, ನಂತರ ತೆಗೆಯಿರಿ.
* ಮೂತಿಯನ್ನು ಮರಕ್ಕೆ ಒತ್ತಿದಾಗ ಮಾತ್ರ ಹೊಡೆಯುವ ಗನ್ನನ್ನೇ ಕೊಳ್ಳಿರಿ.
* ಕಂಪ್ರೆಸರ್ ಬದಲಿಗೆ ಆಮ್ಲಜನಕದ ಸಿಲಿಂಡರನ್ನು ಎಂದಿಗೂ ಜೋಡಿಸಬಾರದು, ಸ್ಫೋಟವಾಗುತ್ತದೆ.
* ಕೆಲಸ ಮುಗಿದ ಮೇಲೆ ಕಂಪ್ರೆಸರ್ ತೊಟ್ಟಿಯ ನೀರನ್ನು ಬಸಿದುಬಿಡಿರಿ.
* ಗನ್ನನ್ನು ಮಕ್ಕಳ ಕೈಗೆ ಸಿಗದಂತೆ ಇಡಿರಿ.

ವಿಸ್ತರಣಾ ಕಾರ್ಯಕರ್ತರು ರೈತರಿಗೆ ಪೆಟ್ಟಿಗೆಗಳನ್ನು ಹಂಚುವಾಗ ಪ್ರತಿ ಕಂತಿನಿಂದ ಒಂದೆರಡು ಚೌಕಟ್ಟು ತೆಗೆದು ಮೇಲೆ ಹೇಳಿದ ಚೀಲದ ಪರೀಕ್ಷೆ ಮಾಡುವುದು ಒಳ್ಳೆಯದು. ಇದಕ್ಕೆ ತಗಲುವ ಖರ್ಚು ಒಂದು ಚೀಲ ಮರಳು ಮಾತ್ರ. ಜೇನುಸಾಕಣೆಯ ತರಬೇತಿ ಬೇಕಾದವರು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ತಾಲ್ಲೂಕಿನ ತೋಟಗಾರಿಕೆ ಇಲಾಖೆಯನ್ನಾಗಲಿ ಸಂಪರ್ಕಿಸಬಹುದು.