ಮೊದಲ ಖರ್ಚು ಆಕ್ಸಲ್‌ಗೆ, ಕೊನೆಯದು ಪರದೆಗೆ

ಹಳೆಯ ಮೋಟರ್‌ಹೋಮ್ ಕೊಳ್ಳುವ ಆಸೆ ಹೊತ್ತು ನನಗೆ ಫೋನ್ ಮಾಡುವ ಗೆಳೆಯರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ನಿಮಗೆ ಎಷ್ಟಕ್ಕೆ ಸಿಕ್ಕಿತು? 9,500 ಡಾಲರ್ ಎನ್ನುತ್ತೇನೆ. ಅಷ್ಟೇನಾ ಎಂದು ಅವರ ದನಿ ಅರಳುತ್ತದೆ. ಅದು ನಿಶ್ಚಿಂತೆಯಿಂದ ರಸ್ತೆಗೆ ಇಳಿಯುವ ಹೊತ್ತಿಗೆ ಒಟ್ಟು 17,350 ಡಾಲರ್ ಆಗಿತ್ತು ಎಂಬ ಮಾತನ್ನೂ ಅದೇ ಉಸಿರಿನಲ್ಲಿ ಸೇರಿಸುತ್ತೇನೆ. ಇವೆರಡು ಅಂಕಿಗಳ ನಡುವೆ ಇರುವ 7,850 ಡಾಲರ್ ಎಲ್ಲಿ ಹೋಯಿತು, ಯಾವ ಕ್ರಮದಲ್ಲಿ ಹೋಯಿತು ಎನ್ನುವುದರ ಮೇಲೆಯೇ ಈ ವ್ಯವಹಾರದ ಲಾಭನಷ್ಟ ನಿಂತಿದೆ.

ನನ್ನದು 1987ರ ಗಾಡಿ. ಮುಂದಿನ ಅರ್ಧ ಟೊಯೊಟಾ ಪಿಕಪ್ ಟ್ರಕ್ಕು, ಹಿಂದಿನ ಅರ್ಧ ಅಮೆರಿಕದ ಕಂಪನಿಯೊಂದು ಕಟ್ಟಿದ ಫೈಬರ್‌ಗ್ಲಾಸ್ ಮನೆ. ಉದ್ದ 21 ಅಡಿ. 1973 ಮತ್ತು 1979ರ ತೈಲ ಬಿಕ್ಕಟ್ಟಿನಲ್ಲಿ ಇಲ್ಲಿನ ಪೆಟ್ರೋಲ್ ಬಂಕುಗಳ ಮುಂದೆ ಸಾಲು ನಿಂತಾಗ ದೈತ್ಯಗಾತ್ರದ ಮೋಟರ್‌ಹೋಮ್‌ಗಳ ವ್ಯಾಪಾರ ನೆಲ ಕಚ್ಚಿತು. ಆಗ ಬೇಡಿಕೆ ಬಂದದ್ದು ನಾಲ್ಕು ಸಿಲಿಂಡರಿನ ಈ ಪುಟ್ಟ ಗಾಡಿಗಳಿಗೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಇವುಗಳ ತಯಾರಿ ನಿಂತುಹೋಯಿತು. ಇದರ 22ಆರ್‌ಇ ಎಂಬ 2.4 ಲೀಟರ್ ಎಂಜಿನ್‌ಗೆ ಗಟ್ಟಿ ಎಂಬ ಹೆಸರಿದೆ, ವೇಗದ ಹೆಸರಿಲ್ಲ. ನಾನಿರುವ ಸ್ಯಾಕ್ರಮೆಂಟೊದಿಂದ 7,200 ಅಡಿ ಎತ್ತರದ ಡಾನರ್ ಶಿಖರದ ಕಡೆಗೆ ಏರುವಾಗ ಲಾರಿಗಳ ಸಾಲಿನಲ್ಲೇ ಸಾವಧಾನವಾಗಿ ಸಾಗಬೇಕು. ನನಗೆ ಆ ನಡಿಗೆ ಇಷ್ಟ. ಸಾಮಾನ್ಯ ಪಾರ್ಕಿಂಗ್ ಜಾಗದಲ್ಲಿ ನಿಲ್ಲುತ್ತದೆ, ಗ್ಯಾಲನ್‌ಗೆ 15ರಿಂದ 18 ಮೈಲಿ ಕೊಡುತ್ತದೆ, ಮೆಕ್ಯಾನಿಕ್‌ಗೆ ಕಂಪ್ಯೂಟರ್ ಬೇಕಿಲ್ಲ, ಸ್ಪಾನರ್ ಸಾಕು.

ಈ ಗಾಡಿಗಳನ್ನು ನೋಡಲು ಹೋದಾಗ ಬಾಗಿಲು ತೆರೆದು ಒಳಗೆ ಇಣುಕುವ ಮೊದಲು ಹಿಂದಿನ ಚಕ್ರದ ಪಕ್ಕ ಕುಳಿತು ನಟ್ ಎಣಿಸಬೇಕು. ಐದಿದ್ದರೆ ಅದು ಸಾಮಾನು ಹೊರುವ ಪಿಕಪ್‌ಗೆಂದು ಮಾಡಿದ ಆಕ್ಸಲ್. ಮೇಲೆ ಮನೆಯ ಭಾರ, ಪಕ್ಕದಲ್ಲಿ ಜೋಡಿ ಚಕ್ರ ಹೇರಿರುತ್ತಾರೆ. ಆ ಬಗೆಯಲ್ಲಿ ಒಳಗಿನ ಶಾಫ್ಟೇ ಚಕ್ರವನ್ನು ತಿರುಗಿಸಬೇಕು, ಗಾಡಿಯ ಭಾರವನ್ನೂ ಹೊರಬೇಕು. ಶಾಫ್ಟ್ ಮುರಿದರೆ ಚಕ್ರವೇ ಕಳಚಿಕೊಂಡು ಹೋಗುತ್ತದೆ. ಆರು ನಟ್‌ನದು ಫುಲ್ ಫ್ಲೋಟಿಂಗ್ ಆಕ್ಸಲ್. ಅಲ್ಲಿ ಭಾರ ಹೊರುವುದು ಹಬ್ ಮತ್ತು ಹೊರಗಿನ ಕೊಳವೆ. ಶಾಫ್ಟ್‌ಗೆ ತಿರುಗಿಸುವುದೊಂದೇ ಕೆಲಸ. ಎರಡು ಸಾವಿರ ಡಾಲರ್ ಕಡಿಮೆಗೆ, ಒಳಗೆಲ್ಲ ಹೊಸ ಬಣ್ಣ ಬಳಿದುಕೊಂಡ ಐದು ನಟ್‌ನ ಗಾಡಿಯೊಂದು ನಮ್ಮೂರಲ್ಲೇ ಇತ್ತು. ಅದನ್ನು ಬಿಟ್ಟು ಆರು ನಟ್‌ನ ಈ ಮಾಸಿದ ಗಾಡಿಗಾಗಿ ನಾಲ್ಕು ಗಂಟೆ ದೂರ ಹೋದೆ. ಒಳ್ಳೆಯ ಆಕ್ಸಲ್ ಹುಡುಕಿ ಹಾಕಿಸುವ ಖರ್ಚಿನ ಮುಂದೆ ಆ ಎರಡು ಸಾವಿರ ಲೆಕ್ಕಕ್ಕೇ ಇಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಕೊಳ್ಳುವವರು ಇನ್ನೊಂದು ಮಾತು ನೆನಪಿಡಬೇಕು. ಇಲ್ಲಿ 1976 ಮತ್ತು ಅದರಿಂದ ಈಚಿನ ಪೆಟ್ರೋಲ್ ಗಾಡಿಗಳು ಹೊಗೆ ಪರೀಕ್ಷೆ ಪಾಸಾಗಬೇಕು, ಮಾರುವಾಗ ಆ ಸರ್ಟಿಫಿಕೇಟ್ ಕೊಡುವ ಹೊಣೆ ಮಾರುವವರದು. ‘ಸಣ್ಣ ರಿಪೇರಿ ಮಾಡಿಸಿದರೆ ಪಾಸಾಗುತ್ತೆ, ಅದಕ್ಕೇ ಬೆಲೆ ಇಳಿಸಿದ್ದೇನೆ’ ಎಂದರೆ ಆ ಸಣ್ಣ ರಿಪೇರಿಯನ್ನು ಅವರೇ ಮಾಡಿಸಿಕೊಡಲಿ.

ತಂದ ಮೇಲೆ ಟೈರಿನ ಸರದಿ. ಟೈರಿನ ಪಕ್ಕದಲ್ಲಿ ಒತ್ತಿರುವ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ಅದರ ಜಾತಕ: 2309 ಎಂದಿದ್ದರೆ 2009ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. ಇಂಥ ಗಾಡಿಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಹಾಗಾಗಿ ಟೈರಿನ ಮೇಲ್ಮೈ ಸವೆದಿರುವುದಿಲ್ಲ, ಆದರೆ ಪಕ್ಕದ ರಬ್ಬರು ಬಿರುಕು ಬಿಟ್ಟಿರುತ್ತದೆ. ಆರು ಟೈರಿಗೆ 850 ಡಾಲರ್. ಬ್ರೇಕು, ಬೇರಿಂಗು, ಹೋಸುಗಳಿಗೆ 1,400. ಪ್ರೊಪೇನ್ ಮತ್ತು ನೀರಿನ ಪೈಪುಗಳಿಗೆ 600. ಈ ಯಾವುದರ ಫೋಟೊ ತೆಗೆದು ಊರಿಗೆ ಕಳಿಸಿದರೂ ಯಾರೂ ಮೆಚ್ಚುವುದಿಲ್ಲ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ಹಳೆಯ ಮೋಟರ್‌ಹೋಮ್‌ನ ಬೆಲೆ ನಿರ್ಧರಿಸುವುದು ವರ್ಷವೂ ಅಲ್ಲ, ಮೈಲಿಯೂ ಅಲ್ಲ. ಅದರೊಳಗೆ ಎಷ್ಟು ಮಳೆ ನೀರು ಇಳಿದಿದೆ ಎನ್ನುವುದು. ಹೊರಗೆ ಫೈಬರ್‌ಗ್ಲಾಸ್, ಒಳಗೆ ತೆಳು ಪ್ಲೈವುಡ್, ನಡುವೆ ಸಣ್ಣ ಮರದ ಚೌಕಟ್ಟು ಮತ್ತು ಫೋಮ್: ಹೆಚ್ಚಿನವುಗಳ ಗೋಡೆ ಇಷ್ಟೇ. ಡ್ರೈವರ್ ತಲೆಯ ಮೇಲೆ ಮುಂದಕ್ಕೆ ಚಾಚಿಕೊಂಡಿರುವ ಹಾಸಿಗೆಯ ಗೂಡು ಗಾಳಿಗೂ ಮಳೆಗೂ ಎದೆ ಕೊಟ್ಟು ನಿಂತಿರುತ್ತದೆ. ಅದರ ಮುಂಗಿಟಕಿಯ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟರೆ ಸಾಕು, ನೀರು ಒಳಗಿನ ಮರಕ್ಕೆ ಇಳಿಯುತ್ತದೆ, ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮೂವತ್ತು ಡಾಲರಿನ ತೇವಾಂಶ ಮೀಟರ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಹಾಸಿಗೆ ಎತ್ತಿ ಹೆಬ್ಬೆರಳಿನಿಂದ ಒತ್ತಿದಾಗ ಎಡ ಮೂಲೆಯ ಪ್ಲೈವುಡ್ ಒಳಗೆ ಕುಸಿಯಿತು, ಮೀಟರ್‌ನ ಮುಳ್ಳು ಕೊನೆಗೆ ಹೋಗಿ ನಿಂತಿತು. ಬಲ ಮೂಲೆ ಗಟ್ಟಿಯಿತ್ತು. ಎಡ ಮೂಲೆಯ ಸ್ಥಿತಿಯನ್ನು ಮಾರುವವರಿಗೂ ತೋರಿಸಿದೆ. ಅವರು ಕೇಳುತ್ತಿದ್ದ 11,500 ಅಲ್ಲೇ 9,500ಕ್ಕೆ ಇಳಿಯಿತು.

ಆ ಮೂಲೆಯ ಕೆಲಸವನ್ನು ಒಬ್ಬ ಬಡಗಿಯ ನೆರವಿನಿಂದ ಮನೆಯಂಗಳದಲ್ಲೇ ಮಾಡಿದೆವು. ಒಳಗಿನ ಪ್ಲೈವುಡ್ ಕಿತ್ತಾಗ ಚೌಕಟ್ಟಿನ ಪಟ್ಟಿ ಕೈಯಲ್ಲೇ ಪುಡಿಯಾಯಿತು, ಹುರಿದ ಕಾಫಿ ಪುಡಿಯ ಬಣ್ಣ. ಆ ಕೊಳೆತ ಎಲ್ಲಿಗೆ ಮುಗಿಯುತ್ತದೋ ಅಲ್ಲಿಯವರೆಗೂ ಕೊರೆದು ತೆಗೆಯಬೇಕು. ಒಣಗಿದ ಹಾಗೆ ಕಾಣುವ ಮರವನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಬೇಕು. ಕಿಟಕಿಯನ್ನು ಚೌಕಟ್ಟಿನ ಸಮೇತ ಇಳಿಸಿ, ಹಳೆಯ ಪುಟ್ಟಿಯನ್ನು ಪ್ಲಾಸ್ಟಿಕ್ ಚಾಕುವಿನಿಂದ ಕೆರೆದು, ಅಂಚನ್ನು ಒರೆಸಿ ಒರೆಸಿ ಬರೀ ಲೋಹ ಕಾಣುವಂತೆ ಮಾಡಬೇಕು. ಆಮೇಲೆ ಬೂದು ಬಣ್ಣದ ಬ್ಯೂಟೈಲ್ ಟೇಪನ್ನು ಎಳೆಯದೆ, ಮೂಲೆಯಲ್ಲಿ ಕತ್ತರಿಸದೆ ಸುತ್ತಬೇಕು. ಸ್ಕ್ರೂಗಳನ್ನು ಒಂದು ಈ ಕಡೆ, ಒಂದು ಎದುರು ಕಡೆ ಎಂಬಂತೆ ಸ್ವಲ್ಪ ಸ್ವಲ್ಪವೇ ಬಿಗಿಮಾಡಿದಾಗ ಸುತ್ತಲೂ ಒಂದೇ ಸಮನೆ ಟೇಪು ಹೊರಗೆ ಉಬ್ಬಿ ಬರುತ್ತದೆ. ಮರುದಿನ ಬಿಸಿಲೇರಿದ ಮೇಲೆ ಇನ್ನೊಮ್ಮೆ ಬಿಗಿದರೆ ಮತ್ತೆ ಉಬ್ಬುತ್ತದೆ. ಅದನ್ನು ಕೊಯ್ದು ಮೇಲೆ ಸೀಲೆಂಟ್ ಎಳೆದರೆ ಒಂದು ಕಿಟಕಿ ಮುಗಿಯಿತು. ಅಂಗಡಿಯಲ್ಲಿ ಎಂಟು ಡಾಲರಿಗೆ ಸಿಗುವ ಸಿಲಿಕೋನ್ ಟ್ಯೂಬನ್ನು ಮಾತ್ರ ಮುಟ್ಟಬೇಡಿ. ಅದು ಹಳೆಯ ಪುಟ್ಟಿಗೆ ಅಂಟುವುದಿಲ್ಲ, ಮುಂದೆ ಅದರ ಮೇಲೆ ಇನ್ನೇನೂ ಅಂಟುವುದಿಲ್ಲ. ಎಲ್ಲ ಕಿಟಕಿ, ಛಾವಣಿಯ ಗವಾಕ್ಷಿ, ಹೊಸ ಚೌಕಟ್ಟು, ಬಡಗಿಯ ಕೂಲಿ ಸೇರಿ 1,900 ಡಾಲರ್. ನನ್ನ ಪಟ್ಟಿಯಲ್ಲಿ ಅತಿ ದೊಡ್ಡ ಮೊತ್ತ ಇದೇ, ನನಗೆ ಅತಿ ತೃಪ್ತಿ ಕೊಟ್ಟದ್ದೂ ಇದೇ.

ಇಷ್ಟು ಹೊತ್ತಿಗೆ 4,750 ಡಾಲರ್ ಖರ್ಚಾಗಿತ್ತು, ಒಳಗೆ ಕಾಲಿಟ್ಟವರಿಗೆ ಒಂದೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಸೋಫಾ ಬಟ್ಟೆ ಬದಲಿಸೋಣ, ನೆಲಹಾಸು ಹಾಕಿಸೋಣ ಎಂದು ಮನಸ್ಸು ಎಳೆಯುವುದು ಈ ಘಟ್ಟದಲ್ಲೇ. ಅರ್ಧಕ್ಕೆ ಬಿಟ್ಟು ಮಾರಾಟಕ್ಕಿಟ್ಟ ಗಾಡಿಗಳಲ್ಲಿ ನಾನು ಕಂಡದ್ದು ಇದನ್ನೇ: ಚೆಂದದ ದಿಂಬುಗಳು, ಕೊಳೆತ ಮೂಲೆಗಳು.

ವಿದ್ಯುತ್ತಿನ ಲೆಕ್ಕ ಸುಲಭ. 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಬಹುದು, ಪೂರ್ತಿ ಇಳಿಸಿದರೆ ಅದರ ಆಯಸ್ಸು ಇಳಿಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 80ಕ್ಕಿಂತ ಹೆಚ್ಚು ಸಿಗುತ್ತದೆ, ತೂಕ ಅರ್ಧಕ್ಕಿಂತ ಕಡಿಮೆ. ಅಂಥ ಎರಡು ಬ್ಯಾಟರಿ, ಛಾವಣಿಗೆ 200 ವಾಟ್ ಸೋಲಾರ್, ವೈರಿಂಗ್ ಮತ್ತು ಡಿಸಿ-ಟು-ಡಿಸಿ ಚಾರ್ಜರ್ ಸೇರಿ 1,500 ಆಯಿತು. ಕೊನೆಯದನ್ನು ಬಿಟ್ಟು ಉಳಿತಾಯ ಮಾಡಬೇಡಿ: ಲಿಥಿಯಂ ಬ್ಯಾಟರಿ ಸಿಕ್ಕಷ್ಟೂ ಕರೆಂಟ್ ಎಳೆಯುತ್ತದೆ, ಹಳೆಯ ಗಾಡಿಯ ಸಣ್ಣ ಆಲ್ಟರ್ನೇಟರ್ ಅದನ್ನು ತಾಳದೆ ಸುಟ್ಟುಹೋಗಬಹುದು. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಈ ಬ್ಯಾಟರಿಯನ್ನು ಚಾರ್ಜ್ ಮಾಡಲೂ ಬಾರದು, ಹಾಗಾಗಿ ಅದನ್ನು ಹೊರಗಿನ ಪೆಟ್ಟಿಗೆಯಿಂದ ಸೀಟಿನ ಕೆಳಗೆ ತಂದೆವು. ಪ್ರೊಪೇನ್‌ನಲ್ಲಿ ನಡೆಯುತ್ತಿದ್ದ ಹಳೆಯ ಫ್ರಿಜ್‌ನ ಜಾಗಕ್ಕೆ 700 ಡಾಲರಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್ ಬಂತು. ಅಂಥದ್ದೇ ಹೊಸ ಪ್ರೊಪೇನ್ ಫ್ರಿಜ್‌ಗೆ ಇದಕ್ಕಿಂತ ಬಹಳ ಹೆಚ್ಚು ಕೊಡಬೇಕು, ಮೇಲಾಗಿ ಗಾಡಿ ಸಮತಟ್ಟಾಗಿ ನಿಂತಿದ್ದರೆ ಮಾತ್ರ ಅದು ಸರಿಯಾಗಿ ಕೆಲಸ ಮಾಡುವುದು.

ಒಳಗಿನ ಅಲಂಕಾರಕ್ಕೆ ಉಳಿದದ್ದು 900. ಅದರಲ್ಲಿ ಹೆಚ್ಚು ಪಾಲು ಅಡುಗೆಮನೆಗೆ ಹೋಯಿತು. ಮೂರು ಲೀಟರಿನ ಕುಕ್ಕರ್ ನಿಲ್ಲುವಷ್ಟು ಎತ್ತರದ ಕಪಾಟು, ಓಡುವಾಗ ಮಸಾಲೆ ಡಬ್ಬಿ ಜಾರದಂತೆ ಅಂಚು ಕಟ್ಟಿದ ಹಲಗೆ, ಚಟ್ನಿಯ ಮಿಕ್ಸಿ ತಿರುಗಿಸಲು ಒಂದು ಇನ್ವರ್ಟರ್. ಮರ ಆರಿಸುವಾಗ ತಕ್ಕಡಿಯೂ ಜೊತೆಗಿತ್ತು. ಈ ಚಾಸಿಸ್ ಹೊರಬಲ್ಲ ಒಟ್ಟು ತೂಕ ಸುಮಾರು 6,000 ಪೌಂಡ್ ಮಾತ್ರ, ಬಾಗಿಲ ಪಕ್ಕದ ಫಲಕದಲ್ಲಿ ಬರೆದಿರುತ್ತದೆ. ಒಂದು ಗ್ಯಾಲನ್ ನೀರೇ 8.3 ಪೌಂಡ್ ತೂಗುತ್ತದೆ. 18 ಗ್ಯಾಲನ್ ಟ್ಯಾಂಕ್ ತುಂಬಿದರೆ ಒಬ್ಬ ದೊಡ್ಡ ಮನುಷ್ಯನನ್ನು ಹತ್ತಿಸಿಕೊಂಡ ಲೆಕ್ಕ. ಲಾರಿ ನಿಲ್ದಾಣಗಳ ತೂಕದ ಕಟ್ಟೆಯಲ್ಲಿ ಹದಿನೈದು ಡಾಲರಿನ ಆಸುಪಾಸಿಗೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ನ ತೂಕ ಬೇರೆ ಬೇರೆ ಬರೆದುಕೊಡುತ್ತಾರೆ. ಎಲ್ಲರೂ ಕೂತು, ಟ್ಯಾಂಕ್ ತುಂಬಿಸಿ ತೂಗಿಸಬೇಕು. ಸಾಗುವಾನಿಯ ಆಸೆ ಬಿಟ್ಟು ಹಗುರ ಪಾಪ್ಲರ್ ಪ್ಲೈವುಡ್ ತಂದದ್ದು ಆ ಚೀಟಿ ನೋಡಿದ ಮೇಲೆಯೇ.

ಇದೆಲ್ಲ ಒಮ್ಮೆ ಕೊಟ್ಟು ಮರೆಯುವ ದುಡ್ಡು. ಮರೆಯಬಾರದ್ದು ಪ್ರತಿ ವರ್ಷದ ದುಡ್ಡು. ನಮ್ಮ ಬಡಾವಣೆಯ ನಿಯಮದಂತೆ ಮೋಟರ್‌ಹೋಮನ್ನು ಮನೆ ಮುಂದೆ ನಿಲ್ಲಿಸುವಂತಿಲ್ಲ; ಹೊರಗೆ ನಿಲ್ಲಿಸಲು ತಿಂಗಳಿಗೆ 110, ವರ್ಷಕ್ಕೆ 1,320. ವಿಮೆ 420, ನೋಂದಣಿ 160. ರಿಪೇರಿಗೆಂದು ವರ್ಷಕ್ಕೆ 1,000 ಎತ್ತಿಡುತ್ತೇನೆ. ಒಟ್ಟು 2,900. ಹಾಕಿದ 17,350 ಬ್ಯಾಂಕಿನಲ್ಲಿದ್ದರೆ ನಾಲ್ಕು ಪರ್ಸೆಂಟಿನಲ್ಲಿ ಸುಮಾರು 690 ಬಡ್ಡಿ ಬರುತ್ತಿತ್ತು, ಅದನ್ನೂ ಕೂಡಿಸಿದರೆ 3,590. ನಾನು ವಿಚಾರಿಸಿದಾಗ ಇಷ್ಟೇ ಗಾತ್ರದ ಬಾಡಿಗೆ ಗಾಡಿಗೆ ರಾತ್ರಿಗೆ 175 ಡಾಲರ್ ಹೇಳಿದ್ದರು. ಭಾಗಿಸಿ ನೋಡಿ: ವರ್ಷಕ್ಕೆ 21 ರಾತ್ರಿ ಅದರಲ್ಲಿ ಮಲಗದವರಿಗೆ ಬಾಡಿಗೆ ಗಾಡಿಯೇ ಅಗ್ಗ. ನಾವು ಮಲಗುತ್ತೇವೆ, ಬೇಸಿಗೆಯಲ್ಲಿ ಶುಕ್ರವಾರ ಸಂಜೆ ಹೊರಟರೆ ಭಾನುವಾರ ರಾತ್ರಿಯೇ ಮರಳುವುದು. ಮನೆಯಲ್ಲೇ ನಿಲ್ಲಿಸಲು ಜಾಗವಿದ್ದವರ ಲೆಕ್ಕ ಬೇರೆಯೇ ಆಗುತ್ತದೆ.

ಸಾಲ ಮಾಡಿ ಇದನ್ನು ಕೊಳ್ಳಬೇಡಿ. ಮಲಗುವ, ಅಡುಗೆ ಮಾಡುವ, ಶೌಚದ ಸೌಕರ್ಯವಿದ್ದರೆ ಮೋಟರ್‌ಹೋಮ್ ಎರಡನೇ ಮನೆ ಎಂದು ಲೆಕ್ಕ, ಬಡ್ಡಿಗೆ ತೆರಿಗೆ ವಿನಾಯಿತಿ ಸಿಗುತ್ತದೆ ಎಂದು ಕೆಲವರು ಹೇಳುವುದುಂಟು. ನಿಯಮ ಇರುವುದು ನಿಜ. ಆದರೆ ಸಾಲಕ್ಕೆ ಆ ಗಾಡಿಯೇ ಅಡಮಾನವಾಗಿರಬೇಕು, ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಅನ್ವಯವಾಗದು. 2017ರ ತೆರಿಗೆ ಕಾನೂನು ಸ್ಟ್ಯಾಂಡರ್ಡ್ ಡಿಡಕ್ಷನ್ನನ್ನು ಹೆಚ್ಚುಕಡಿಮೆ ಎರಡು ಪಟ್ಟು ಏರಿಸಿದ ಮೇಲೆ ಬಹುತೇಕ ಕುಟುಂಬಗಳಿಗೆ ಬಡ್ಡಿಯನ್ನು ಬಿಡಿಯಾಗಿ ತೋರಿಸುವ ಪ್ರಮೇಯವೇ ಇಲ್ಲ. ವಿಮೆಯಲ್ಲಿ ಮಾತ್ರ ಎಚ್ಚರ ಬೇಕು. ಸಾಮಾನ್ಯ ಪಾಲಿಸಿ ಕೊಡುವುದು ಅಪಘಾತದ ದಿನದ ಮಾರುಕಟ್ಟೆ ಬೆಲೆ. ನೀವು ಸುರಿದ ದುಡ್ಡು ಅದರಲ್ಲಿ ಕಾಣಿಸುವುದಿಲ್ಲ. ಮೊದಲೇ ಒಪ್ಪಿದ ಮೊತ್ತದ ಪಾಲಿಸಿ ಕೇಳಿ. ಅದಕ್ಕೆ ರಸೀದಿ ಬೇಕು, ಗೋಡೆ ಮುಚ್ಚುವ ಮೊದಲು ತೆಗೆದ ಫೋಟೊ ಬೇಕು. ಮಾರುವ ದಿನ ಬಂದರೂ ಆ ಕಡತಕ್ಕೇ ಬೆಲೆ.

ಊರಿಂದಲೂ ಕೇಳುತ್ತಾರೆ, ಹಳೆಯ ಟೆಂಪೊ ಟ್ರಾವೆಲರ್ ಕೊಂಡು ಹೀಗೆ ಮಾಡಿಸಬಹುದಾ ಎಂದು. ಅಲ್ಲಿ ದುಡ್ಡಿಗಿಂತ ಮೊದಲು ಕಾನೂನು ನೋಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮೋಟಾರ್ ಕ್ಯಾರವಾನ್‌ಗೆಂದೇ ಎಐಎಸ್-124 ಎಂಬ ಮಾನದಂಡವಿದೆ, ಅದರ ಪ್ರಕಾರ ಅನುಮೋದನೆ ಪಡೆದವರಿಂದ ಮಾಡಿಸಬೇಕು. ಆರ್‌ಸಿಯಲ್ಲಿ ಇಲ್ಲದ ಮಾರ್ಪಾಡು ಕಂಡರೆ ವಿಮೆಯವರಿಗೆ ಕ್ಲೇಮ್ ತಳ್ಳಿಹಾಕಲು ನೆಪ ಸಿಗುತ್ತದೆ. ಆರ್‌ಟಿಒ ಒಪ್ಪಿಗೆ ಬರಹದಲ್ಲಿ ಕೈಗೆ ಬರುವ ಮುನ್ನ ಬಾಡಿ ಕಟ್ಟುವವರಿಗೆ ಮುಂಗಡ ಕೊಡಬೇಡಿ.

ನಮ್ಮ ಗಾಡಿಯಲ್ಲಿ ಈಗ ಸರದಿ ಟೈಮಿಂಗ್ ಚೈನ್‌ನದು. ಈ ಎಂಜಿನ್‌ನಲ್ಲಿ ಚೈನನ್ನು ಹಿಡಿದಿಡುವ ಗೈಡುಗಳು ಪ್ಲಾಸ್ಟಿಕ್‌ನವು. ಅವು ಮುರಿದರೆ ಚೈನ್ ಮುಂದಿನ ಕವರನ್ನು ಉಜ್ಜಿ ತೂತು ಮಾಡುತ್ತದೆ, ಕೂಲೆಂಟ್ ಆಯಿಲ್‌ಗೆ ಸೇರಿ ಎಂಜಿನ್ನೇ ಹೋಗುತ್ತದೆ. ಸ್ಟಾರ್ಟ್ ಮಾಡಿದಾಗ ಇನ್ನೂ ಚೈನ್ ಉಜ್ಜುವ ಸದ್ದು ಕೇಳಿಸಿಲ್ಲ, ಕೇಳಿಸುವವರೆಗೆ ಕಾಯುವುದಿಲ್ಲ. ಉಕ್ಕಿನ ಬೆನ್ನಿರುವ ಗೈಡುಗಳ ಸೆಟ್, ವಾಟರ್ ಪಂಪು, ಕೂಲಿ ಸೇರಿ 1,200 ಡಾಲರ್ ಎತ್ತಿಟ್ಟಿದ್ದೇನೆ, ಮಾರ್ಚ್‌ನಲ್ಲಿ ಬಿಚ್ಚಿಸುತ್ತೇನೆ. ಗುಳೇದಗುಡ್ಡದ ಖಣದಲ್ಲಿ ಕಿಟಕಿಗೆ ಪರದೆ ಹೊಲಿಸಬೇಕೆಂದು ಮನೆಯವರು ಬಟ್ಟೆ ತಂದಿಟ್ಟು ಬಹಳ ದಿನವಾಯಿತು. ಅದರ ಹೊಲಿಗೆ ಕೂಲಿ ಏಪ್ರಿಲ್ ತಿಂಗಳ ಬಜೆಟ್ಟಿನಲ್ಲಿದೆ.