ಛಾಯಾಚಿತ್ರದಿಂದ ಮಕ್ಕಳ ಪೇಸ್ಟಲ್ ಭಾವಚಿತ್ರವನ್ನು ತೆಗೆಯುವ ಬಗೆ

ನಮ್ಮ ಶಾಲೆಯಲ್ಲಿ ಓದಿ, ಈಗ ನವಲಗುಂದ, ಕುಂದಗೋಳ, ಅಣ್ಣಿಗೇರಿ, ಕಲಘಟಗಿಗಳ ಕಡೆಗೆ ಸಂಸಾರಸ್ಥರಾಗಿ ನೆಲೆಸಿರುವ ಭಗಿನಿಯರಲ್ಲಿ ಕೆಲವರು, ಮಕ್ಕಳ ಫೋಟೋ ನೋಡಿ ಬಣ್ಣದ ಚಿತ್ರವನ್ನು ತೆಗೆಯುವದು ಹೇಗೆಂದು ನಮ್ಮನ್ನು ಕೇಳಿರುವರು. ಅವರಿಗಾಗಿಯೂ, ಮನೆಯಲ್ಲಿ ಈ ಕಲೆಯನ್ನು ಕಲಿಸಬಯಸುವ ತಾಯಿತಂದೆಗಳಿಗಾಗಿಯೂ ಈ ಪಾಠವನ್ನು ಬರೆದಿರುವೆವು. ಕೂಸಿನ ಸುತ್ತ ಬಣ್ಣವನ್ನಿಡುವದು ಈ ಸೀಮೆಗೆ ಹೊಸತಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲ ಹೆಸರನ್ನು ಕೇಳದ ಮನೆ ಇಲ್ಲಿಲ್ಲ. ಆದರೆ ತೊಟ್ಟಿಲ ಮೇಲೆ ಪುರಾಣದ ಚಿತ್ರಗಳಿರುವವೇ ಹೊರತು ಅದರಲ್ಲಿ ಮಲಗಿದ ಕೂಸಿನ ಮುಖವಿರುವದಿಲ್ಲ. ಆ ಮುಖವನ್ನು ಉಳಿಸಿಕೊಳ್ಳುವದೇ ಇಲ್ಲಿಯ ವಿಷಯವು.

ಪೇಸ್ಟಲ್ ಎಂದರೆ ನುಣ್ಣಗೆ ಅರೆದ ಬಣ್ಣಕ್ಕೆ ಬಿಳಿಯ ಖಡುವಿನ ಪುಡಿಯನ್ನೂ ತುಸು ಅಂಟನ್ನೂ ಕೂಡಿಸಿ, ಕಡ್ಡಿಯಾಗಿ ಹೊಸೆದು ಒಣಗಿಸಿದ ವಸ್ತು. ಇದಕ್ಕೆ ಎಣ್ಣೆಯೂ ನೀರೂ ಬೇಡ. ಒಣಗಲೆಂದು ಕಾಯಬೇಕಾಗಿಯೂ ಇಲ್ಲ. ಮಕ್ಕಳಿಗೆಂದು ಅಂಗಡಿಗಳಲ್ಲಿ ಮಾರುವ ಆಯಿಲ್ ಪೇಸ್ಟಲ್ ಬೇರೆ ಜಾತಿಯದು. ಅದು ಎಣ್ಣೆ ಮತ್ತು ಮೇಣಗಳಿಂದ ಆದುದರಿಂದ ಈ ಪಾಠಕ್ಕೆ ಒದಗದು.

ಈ ಕಲೆಯನ್ನು ಯುರೋಪಖಂಡದಲ್ಲಿ ಮೇಲಕ್ಕೆತ್ತಿದವರಲ್ಲಿ ಒಬ್ಬ ಹೆಣ್ಣುಮಗಳ ಹೆಸರು ಮುಂಚೂಣಿಯಲ್ಲಿರುವದೆಂಬುದು ನಮ್ಮ ವಿದ್ಯಾರ್ಥಿನಿಯರಿಗೆ ತಿಳಿದಿರಲಿ. ವೆನಿಸ್ ಪಟ್ಟಣದಲ್ಲಿ 1673ರಲ್ಲಿ ಹುಟ್ಟಿದ ರೊಸಾಲ್ಬಾ ಕರಿಯೇರಾ ಎಂಬವಳು 1720ರಲ್ಲಿ ಪ್ಯಾರಿಸಿಗೆ ಹೋಗಿ, ಆಗಿನ್ನೂ ಹತ್ತು ವರ್ಷದ ಬಾಲಕನಾಗಿದ್ದ ಅರಸು ಹದಿನೈದನೆಯ ಲೂಯಿಯ ಚಿತ್ರವನ್ನು ಪೇಸ್ಟಲಿನಲ್ಲಿ ತೆಗೆದಳು. ಅದೇ ವರ್ಷ ಅಲ್ಲಿಯ ರಾಜಮನ್ನಣೆಯ ಕಲಾಸಭೆಯು ಅವಳನ್ನು ಸದಸ್ಯಳನ್ನಾಗಿ ಆರಿಸಿತು. ನಮ್ಮ ಪ್ರಾಂತದಲ್ಲಿಯಾದರೋ, 1935ರಲ್ಲಿ ಡಿ. ವ್ಹಿ. ಹಾಲಭಾವಿಯವರು ಧಾರವಾಡದಲ್ಲಿ ಚಿತ್ರಕಲಾಶಾಲೆಯನ್ನು ಸ್ಥಾಪಿಸಿದ ಮೇಲೆ ಮುಂಬಯಿಯ ದಾರಿ ಹಿಡಿಯಲಾರದವರಿಗೂ ಚಿತ್ರವಿದ್ಯೆಯು ಹತ್ತಿರವಾಯಿತು.

ಇನ್ನು ಕೆಲಸಕ್ಕೆ ಬರೋಣ. ಮೊದಲನೆಯದು ಫೋಟೋದ ಆಯ್ಕೆ. ಬೆಳಕು ಒಂದೇ ಕಡೆಯಿಂದ ಬಿದ್ದಿರಬೇಕು. ಎದುರಿನಿಂದ ಮಿಂಚು ಹೊಡೆದ ಫೋಟೋದಲ್ಲಿ ಮುಖವು ಚಪ್ಪಟೆಯಾಗಿ ಕಾಣುವದು. ಮೋಬೈಲನ್ನು ಮೊಗದ ಹತ್ತಿರವೇ ಹಿಡಿದು ತೆಗೆದರೆ ಮೂಗು ಉಬ್ಬಿ ಕಿವಿಗಳು ಹಿಂದೆ ಸರಿಯುವವು. ಆದಕಾರಣ ಐದಾರು ಅಡಿ ದೂರ ನಿಂತು, ಮಗುವನ್ನು ಬಾಗಿಲ ಪಕ್ಕದಲ್ಲಿ ಕೂಡ್ರಿಸಿ ತೆಗೆಯಿರಿ. ಹಳೆಯ ಕಪ್ಪುಬಿಳುಪಿನ ಫೋಟೋ ಇದ್ದರೆ ಇನ್ನೊಂದು ಎಚ್ಚರ ಬೇಕು. ಅಜ್ಜಿಯರ ಕಾಲದ ಅನೇಕ ಫಲಕಗಳು ಕೆಂಪು ಬಣ್ಣವನ್ನು ಹಿಡಿಯುತ್ತಿರಲಿಲ್ಲ. ಅವುಗಳಲ್ಲಿ ಕುಂಕುಮವೂ ಕೆಂಪು ಪರಕರವೂ ಕರ್ರಗೆ ಮೂಡುವವು, ನೀಲಿಯು ಬೆಳ್ಳಗಾಗುವದು, ಮೈಬಣ್ಣವು ಇದ್ದುದಕ್ಕಿಂತ ಕಂದುವದು. ಅಂಥ ಫೋಟೋವನ್ನು ಕಣ್ಣು ಮುಚ್ಚಿ ನಂಬಬಾರದು.

ಎರಡನೆಯದು ರೇಖೆ. ಫೋಟೋದ ನಕಲಿನ ಮೇಲೆ ಸಣ್ಣ ಚೌಕಗಳನ್ನೂ ಕಾಗದದ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕಗಳನ್ನೂ ತೆಳುವಾಗಿ ಹಾಕಿ, ಒಂದೊಂದು ಚೌಕದಲ್ಲಿರುವ ಗೆರೆಯನ್ನು ಇಳಿಸಿರಿ. ಮಕ್ಕಳ ಮುಖವು ದೊಡ್ಡವರ ಮುಖದ ಸಣ್ಣ ರೂಪವಲ್ಲ. ದೊಡ್ಡವರ ಕಣ್ಣುಗಳು ತಲೆಯ ಎತ್ತರದ ನಡುವೆ ಇರುವವು. ಕೂಸಿನ ಕಣ್ಣುಗಳು ನಡುವಿಗಿಂತ ಕೆಳಗಿರುವವು, ಹಣೆಯು ವಿಶಾಲವು, ಗದ್ದವು ಚಿಕ್ಕದು. ಇದನ್ನು ಮರೆತರೆ ಮೂರು ವರ್ಷದ ಮಗುವು ಮುದುಕಿಯಂತೆ ಕಾಣುವದು.

ಮೂರನೆಯದು ಬಣ್ಣ. ಕಾಗದವು ನುಣುಪಾಗಿರದೆ ಪುಡಿಯನ್ನು ಹಿಡಿಯುವಷ್ಟು ಉರುಟಾಗಿರಬೇಕು. ಬಿಳಿಯದಕ್ಕಿಂತ ಬೂದು ಅಥವಾ ಮಣ್ಣಿನ ಬಣ್ಣದ ಕಾಗದವು ಮೇಲು. ಮೊದಲು ನೆರಳು, ಆಮೇಲೆ ನಡುಬಣ್ಣ, ಕಡೆಗೆ ಬೆಳಕು. ಮೊದಲು ಗಟ್ಟಿ ಕಡ್ಡಿ, ಆಮೇಲೆ ಮೆತ್ತನೆಯದು. ಮೈಬಣ್ಣವೆಂಬ ಒಂದೇ ಕಡ್ಡಿಯಿಂದ ಮುಖವಾಗದು. ನಮ್ಮ ಮಕ್ಕಳ ಗೋದಿಬಣ್ಣಕ್ಕೆ ಕಾವಿಯೂ ಹಳದಿ ಮಣ್ಣಿನ ಬಣ್ಣವೂ ಬೇಕು. ನೆರಳಿನಲ್ಲಿ ತುಸು ಹಸಿರು, ಹಣೆಯ ಹೊಳಪಿನಲ್ಲಿ ತುಸು ನೀಲಿ ಸೇರಬೇಕು. ಕೂದಲಿಗೆ ಬರಿಯ ಕಪ್ಪನ್ನು ಹಾಕದೆ ಕಡುನೀಲಿ ಮತ್ತು ಕಡುಕಂದುಗಳನ್ನು ಕೂಡಿಸಿರಿ. ಹಲ್ಲುಗಳ ನಡುವೆ ಗೆರೆಗಳನ್ನು ಎಳೆಯಬೇಡಿರಿ. ಬೆರಳಿನಿಂದ ತೀಡುವದು ಮಿತವಾಗಿರಲಿ. ಹೆಚ್ಚು ತೀಡಿದರೆ ಬಣ್ಣದ ಜೀವವೇ ಹೋಗುವದು. ಉದುರಿದ ಪುಡಿಯನ್ನು ಊದಬಾರದು. ಹಲಗೆಯನ್ನು ಮುಂದಕ್ಕೆ ಬಾಗಿಸಿ ತಟ್ಟಿದರೆ ಕೆಳಗೆ ಬೀಳುವದು. ಅದನ್ನು ಒದ್ದೆ ಬಟ್ಟೆಯಿಂದ ಒರಸಿ ತೆಗೆಯಿರಿ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಬೇಕಾಗಿರುವದು. ನವಲಗುಂದದ ಕಡೆಯ ಒಬ್ಬ ತಾಯಿಯು ತೀರಿಹೋದ ಮಗಳ ಫೋಟೋವನ್ನು ತಂದುಕೊಟ್ಟಳು. ಮದುವೆಯ ಗುಂಪಿನ ಫೋಟೋ ಅದು; ಹುಡುಗಿಯ ಮುಖವು ಹೆಬ್ಬೆರಳಿನ ಉಗುರಿನಷ್ಟು ಮಾತ್ರವಿತ್ತು. ತಾಯಿಗೆ ಸಂತೋಷವಾಗಲೆಂದು ನಾವು ಮೈಬಣ್ಣವನ್ನು ತಿಳಿಗೊಳಿಸಿ, ಕೆನ್ನೆಗೆ ಗುಲಾಬಿಯನ್ನು ಹಚ್ಚಿ, ತುಟಿಗೆ ನಗೆಯನ್ನಿಟ್ಟೆವು. ಅವಳು ಬಹಳ ಹೊತ್ತು ನೋಡಿ, "ಭಾಳ ಚಂದ ತಗದೀರಿ ಅಕ್ಕಾರ, ಆದರ ಇಕಿ ನಮ್ಮಾಕಿ ಅಲ್ಲ," ಎಂದಳು. ನಮಗೆ ನಾಚಿಕೆಯಾಯಿತು. ಇಲ್ಲದ ಚೆಲುವನ್ನು ಕೊಡಲು ಹೋಗಿ ಇದ್ದ ಮಗುವನ್ನು ನಾವು ಎರಡನೆಯ ಸಲ ಅವಳಿಂದ ಕಸಿದುಕೊಂಡಿದ್ದೆವು.

ಆ ಮೇಲೆ ಅವಳ ಬಳಿ ಕುಳಿತು, ಮೊದಲೇ ಕೇಳಬೇಕಾಗಿದ್ದುದನ್ನು ಕೇಳಿದೆವು. ಹುಬ್ಬಿನ ಮೇಲೆ ಬಿದ್ದ ಗಾಯದ ಗುರುತಿತ್ತು. ಫೋಟೋದಲ್ಲಿ ಅದು ಕಾಣುತ್ತಿರಲಿಲ್ಲ. ಹುಡುಗಿಯು ಅಕ್ಕನಿಗಿಂತ ತುಸು ಕಪ್ಪು. ಹೊಸಬರ ಮುಂದೆ ನಗುವವಳಲ್ಲ. ಅಕ್ಕನನ್ನೇ ಬಾಗಿಲ ಬೆಳಕಿನಲ್ಲಿ ಕೂಡ್ರಿಸಿ, ಅವಳ ಮೈಬಣ್ಣವನ್ನು ಒಂದು ಚೂರು ಕಾಗದದ ಮೇಲೆ ಗುರುತು ಹಾಕಿಕೊಂಡು, ಅದಕ್ಕಿಂತ ಒಂದು ಛಾಯೆ ಕೆಳಗಿಳಿದೆವು. ನಗೆಯನ್ನು ಅಳಿಸಿದೆವು. ಎರಡನೆಯ ಚಿತ್ರವನ್ನು ನೋಡಿ ಆ ತಾಯಿಯು ಮಾತನಾಡಲಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಒಯ್ದಳು. ಅಂದಿನಿಂದ ಮಾತಾಪಿತೃಗಳನ್ನು ವಿಚಾರಿಸದೆ ನಾವು ಕಡ್ಡಿಯನ್ನು ಮುಟ್ಟಿರುವದಿಲ್ಲ.

ಕಡೆಯ ಮಾತು ಚಿತ್ರದ ರಕ್ಷಣೆಯದು. ಪೇಸ್ಟಲ್ ಪುಡಿಯು ಕಾಗದದ ಮೇಲೆ ಕುಳಿತಿರುವದೇ ಹೊರತು ಒಳಗೆ ಇಳಿದಿರುವದಿಲ್ಲ. ಅಂಟುನೀರನ್ನು ಸಿಂಪಡಿಸಿದರೆ ಬಣ್ಣವು ಮಂಕಾಗುವದುಂಟು. ಗಾಜು ಹಾಕಿ ಕಟ್ಟು ಹಾಕಿಸುವದೇ ಲೇಸು. ಗಾಜು ಚಿತ್ರಕ್ಕೆ ತಗಲದಂತೆ ನಡುವೆ ದಪ್ಪ ರಟ್ಟಿನ ಅಂಚಿರಬೇಕು. ಎರೆಯ ಸೀಮೆಯ ಬೇಸಿಗೆಯ ಧೂಳೂ ಕಲಘಟಗಿಯ ಮಳೆಗಾಲದ ತಂಪೂ ಎರಡೂ ಇದಕ್ಕೆ ವೈರಿಗಳು. ಬಿಸಿಲು ಬೀಳದ, ನೀರಿಳಿಯದ ಒಳಗೋಡೆಗೆ ತೂಗಹಾಕಿರಿ.

ಪ್ರಿಯ ಭಗಿನಿಯರೇ, ಕೈಯು ಅಭ್ಯಾಸದಿಂದ ಪಳಗುವದು, ಅದಕ್ಕಾಗಿ ಅಂಜಬೇಡಿರಿ. ಆದರೆ ನಿಮ್ಮ ಎದುರಿಗಿರುವ ಮಗುವು ಹೇಗಿರುವದೋ ಹಾಗೆಯೇ ಅದು ಅದರ ತಾಯಿಗೆ ಬೇಕಾಗಿರುವದೆಂಬುದನ್ನು ಮಾತ್ರ ಮರೆಯದಿರಿ.